ಸಿಪ್ಪೆಯ ಇದ್ದಿಲು ಮತ್ತು ಬಣ್ಣದ ಕಾರ್ಖಾನೆಯ ನೀರು

(ಸಂಘದ ಕಾರ್ಯದರ್ಶಿಯವರಿಂದ)

ಸುಲಿತ ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಉಳಿಯುವ ಅಡಿಕೆ ಸಿಪ್ಪೆಯ ರಾಶಿ, ಹಲ್ಲರ್ ಮನೆಯ ಹಿಂದೆ ಬೀಳುವ ಕಾಫಿ ಸಿಪ್ಪೆಯ ಗುಡ್ಡೆ, ಇವು ನಮ್ಮ ಸದಸ್ಯರೆಲ್ಲರಿಗೂ ಪರಿಚಿತವಾದವು. ಈ ಸಿಪ್ಪೆಯಿಂದ ತಯಾರಿಸಿದ ಇದ್ದಿಲು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರನ್ನು ತಿಳಿಗೊಳಿಸುತ್ತದೆಂದೂ, ಆದ್ದರಿಂದ ಸಿಪ್ಪೆಗೆ ಮುಂದೆ ಒಳ್ಳೆಯ ಬೆಲೆ ಬರುವುದೆಂದೂ ಮಾತು ಕೇಳಿಬರುತ್ತಿದೆ. ವಿವರ ತಿಳಿಯಲು ಹಲವು ಸದಸ್ಯರು ಸಂಘದ ಕಚೇರಿಗೂ ಬಂದಿದ್ದಾರೆ. ಸಿಪ್ಪೆಯನ್ನು ಮಾರುವ ಮೊದಲು, ಅಥವಾ ಇದ್ದಿಲಿನ ಗೂಡಿಗೆ ಹಣ ಹಾಕುವ ಮೊದಲು, ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಸಂಗ್ರಹವಾಗಿ ಕೊಟ್ಟಿದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದ್ದಿಲು ಬಣ್ಣವನ್ನು ಹಿಡಿಯುತ್ತದೆ ಎಂಬುದು ನಿಜ. ಆದರೆ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಹಿಡಿಯುವುದಿಲ್ಲ. ಬಣ್ಣದ ಜೊತೆಗಿರುವ ಉಪ್ಪನ್ನು ತೆಗೆಯುವುದಿಲ್ಲ. ಹಿಡಿದ ಬಣ್ಣವನ್ನು ನಾಶ ಮಾಡುವುದೂ ಇಲ್ಲ. ನಮ್ಮ ಲಾಭ ನಷ್ಟದ ಲೆಕ್ಕವೆಲ್ಲ ಈ ಮೂರು ಮಾತುಗಳನ್ನು ಅವಲಂಬಿಸಿದೆ.

ಬಣ್ಣದ ನೀರಿನ ಮೂಲ

ಬಣ್ಣ ಹಾಕುವ ಕೆಲಸ ನಮಗೆ ತೀರ ಹೊಸದೇನಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರೂ ಒಂದು ಬಣ್ಣವೇ. ಸಾಗರ ತಾಲ್ಲೂಕಿನ ಹೆಗ್ಗೋಡಿನ ‘ಚರಕ’ ಸಂಸ್ಥೆ ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕಿ ಹೆಸರು ಮಾಡಿದೆ. ಆದರೆ ಇಂದು ಮಾರುಕಟ್ಟೆಗೆ ಬರುವ ಬಟ್ಟೆಯ ಬಹುಪಾಲಿಗೆ ಹಾಕುವುದು ಕೃತಕ ಬಣ್ಣ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣ ಮೊದಲ ಕೃತಕ ನೇರಳೆ ಬಣ್ಣವನ್ನು ತಯಾರಿಸಿದನು. ಸರಿಯಾಗಿ ನೂರು ವರ್ಷಗಳ ನಂತರ, 1956ರಲ್ಲಿ, ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ‘ರಿಯಾಕ್ಟಿವ್’ ಬಣ್ಣಗಳು ಮಾರಾಟಕ್ಕೆ ಬಂದವು. ಹತ್ತಿ ಬಟ್ಟೆಗೆ ಈಗ ಹೆಚ್ಚಾಗಿ ಬಳಸುವುದು ಇವನ್ನೇ.

ಈ ಬಣ್ಣ ಬಟ್ಟೆಗೆ ಹತ್ತಬೇಕಾದರೆ ತೊಟ್ಟಿಯ ನೀರಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನು ಹಾಕಬೇಕು, ಜೊತೆಗೆ ಸೋಡಾ ಬೂದಿಯಂಥ ಕ್ಷಾರವನ್ನೂ ಸೇರಿಸಬೇಕು. ಇಷ್ಟಾದರೂ ಎಲ್ಲ ಬಣ್ಣವೂ ಬಟ್ಟೆಗೆ ಹತ್ತುವುದಿಲ್ಲ. ನೂರಕ್ಕೆ 10ರಿಂದ 40 ಭಾಗ ನೀರಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಬಿಸಿಲು, ಸೋಪು, ಬೆವರು ಯಾವುದಕ್ಕೂ ಬಿಡಬಾರದೆಂದು ಮಾಡಿದ ಬಣ್ಣವಾದುದರಿಂದ, ಹೊಳೆ ಸೇರಿದ ಮೇಲೂ ಅದು ಸುಲಭವಾಗಿ ಕೊಳೆಯುವುದಿಲ್ಲ.

ಇದರ ಪರಿಣಾಮವನ್ನು ತಿಳಿಯಲು ನೊಯ್ಯಲ್ ನದಿಯ ಕಥೆ ಸಾಕು. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳ ಮೂಲಕ ಹರಿದು, ಈ ನದಿ ಕಾವೇರಿಯನ್ನು ಸೇರುತ್ತದೆ. ನಮ್ಮ ಕೊಡಗಿನಲ್ಲಿ ಹುಟ್ಟುವ ಅದೇ ಕಾವೇರಿ. ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಯ ಕೈಗಾರಿಕೆ ಬೆಳೆದಂತೆ ನೂರಾರು ಬಣ್ಣದ ಘಟಕಗಳು ತಮ್ಮ ನೀರನ್ನು ನೊಯ್ಯಲ್‌ಗೆ ಬಿಟ್ಟವು. ಅದರ ಕೆಳಭಾಗದಲ್ಲಿ, ಒರತ್ತುಪಾಳಯಂ ಎಂಬಲ್ಲಿ, ನೀರಾವರಿಗೆಂದು ಕಟ್ಟಿದ ಅಣೆಕಟ್ಟು 1992ರಲ್ಲಿ ಮುಗಿಯಿತು. ಆದರೆ ಅದರಲ್ಲಿ ತುಂಬಿದ್ದು ಬೆಳೆಗೆ ಬಾರದ ಉಪ್ಪು ನೀರು. ಬಾವಿಗಳು ಕೆಟ್ಟವು, ಹೊಲಗಳು ಕೆಟ್ಟವು. ರೈತರು ನ್ಯಾಯಾಲಯದ ಮೊರೆಹೊಕ್ಕರು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು, ನೀರನ್ನು ಪೂರ್ತಿ ಶುದ್ಧಮಾಡದ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು.

ಇದರಲ್ಲಿ ನಾವು ಗಮನಿಸತಕ್ಕ ಮುಖ್ಯ ಅಂಶವೆಂದರೆ, ಕಣ್ಣಿಗೆ ಕಂಡದ್ದು ಬಣ್ಣವಾದರೂ ಹೊಲವನ್ನು ಹಾಳುಮಾಡಿದ್ದು ಮುಖ್ಯವಾಗಿ ಉಪ್ಪು. ನಮ್ಮ ರಾಜ್ಯದಲ್ಲೂ ಇಳಕಲ್, ರಬಕವಿ-ಬನಹಟ್ಟಿಗಳ ಕಡೆ ನೂಲಿಗೆ ಬಣ್ಣ ಹಾಕುವ, ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ತೊಳೆಯುವ ಘಟಕಗಳಿವೆ.

ಇದ್ದಿಲು ಬಣ್ಣವನ್ನು ಹಿಡಿಯುವ ಬಗೆ

ಇದ್ದಿಲಿನ ಈ ಗುಣ ಹಳೆಯ ಕಾಲದಿಂದ ತಿಳಿದದ್ದು. 1785ರಲ್ಲಿ ರಷ್ಯಾದ ಔಷಧ ತಯಾರಕ ಟೋಬಿಯಾಸ್ ಲೋವಿಟ್ಸ್, ಕಂದುಬಣ್ಣಕ್ಕೆ ತಿರುಗಿದ ದ್ರಾವಣವನ್ನು ಇದ್ದಿಲಿನ ಪುಡಿ ತಿಳಿಮಾಡುವುದನ್ನು ಕಂಡುಕೊಂಡನು. ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗಳು ಪಾಕದ ಬಣ್ಣ ತೆಗೆಯಲು ಮೂಳೆಯ ಇದ್ದಿಲನ್ನು ಬಳಸತೊಡಗಿದವು.

ಸಿಪ್ಪೆಯನ್ನು ಬಯಲಿನಲ್ಲಿ ಸುಟ್ಟರೆ ಬೂದಿಯಾಗುತ್ತದೆ. ಗಾಳಿ ಹೆಚ್ಚು ಆಡದಂತೆ ಮುಚ್ಚಿ, 350ರಿಂದ 600 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯಿಸಿದರೆ, ಅದರ ತೇವ, ಅನಿಲ ಮತ್ತು ಟಾರು ಹೊರಟುಹೋಗಿ ಇಂಗಾಲದ ಹಂದರ ಮಾತ್ರ ಉಳಿಯುತ್ತದೆ. ಈಗಿನವರು ‘ಬಯೋಚಾರ್’ ಎಂದು ಕರೆಯುವುದು ಇದನ್ನೇ. ನೂರು ಕಿಲೋ ಒಣ ಸಿಪ್ಪೆಗೆ ಸುಮಾರು 25ರಿಂದ 35 ಕಿಲೋ ಇದ್ದಿಲು ಸಿಗುತ್ತದೆ. ಶಾಖ ಹೆಚ್ಚಿದಷ್ಟೂ ಇದ್ದಿಲಿನ ತೂಕ ಕಡಿಮೆ.

ಈ ಹಂದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ, ಚೆನ್ನಾಗಿ ಬೆಂದ ಒಂದು ಗ್ರಾಂ ಇದ್ದಿಲಿನಲ್ಲಿ ಎರಡು ಮೂರು ಗುಂಟೆಯಷ್ಟು ಜಾಗ ಇರಬಹುದು. ಕಾರ್ಖಾನೆಯಲ್ಲಿ 800-900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿ ತಯಾರಿಸುವ ‘ಆಕ್ಟಿವೇಟೆಡ್ ಕಾರ್ಬನ್’ನ ಒಂದು ಗ್ರಾಮಿನಲ್ಲಿ ಎಂಟರಿಂದ ಹನ್ನೆರಡು ಗುಂಟೆ, ಅಂದರೆ ಹೆಚ್ಚುಕಡಿಮೆ ಕಾಲು ಎಕರೆ ಇರುತ್ತದೆ. ತೋಟದ ಮೂಲೆಯಲ್ಲಿ ಡ್ರಮ್ಮಿನಲ್ಲಿ ಸುಟ್ಟ ಇದ್ದಿಲು, ಸರಿಯಾಗಿ ಬೇಯದೆ ಟಾರು ಉಳಿದಿದ್ದರೆ, ಒಂದು ಗುಂಟೆಯನ್ನೂ ಮುಟ್ಟುವುದಿಲ್ಲ. ಹೆಸರು ಎರಡಕ್ಕೂ ಇದ್ದಿಲೇ. ಕೆಲಸ ಮಾತ್ರ ಬೇರೆ.

ಬಣ್ಣದ ಕಣ ಈ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಇದು ಬಟ್ಟೆ ನೀರನ್ನು ಹೀರಿದಂತಲ್ಲ. ಅಡಿಕೆ ಬೇಯಿಸುವ ಹಂಡೆಯ ಒಳಮೈಗೆ ಚೊಗರಿನ ಕರೆ ಹತ್ತಿದಂತೆ. ವಿಜ್ಞಾನದಲ್ಲಿ ಇದಕ್ಕೆ ಅಧಿಶೋಷಣೆ ಎಂದು ಹೆಸರು. ಮಹಾಸಭೆಯ ಕುರ್ಚಿಗಳು ತುಂಬಿದ ಮೇಲೆ ಬಂದವರು ಹೊರಗೇ ನಿಲ್ಲಬೇಕಾಗುವಂತೆ, ಗೋಡೆಯ ಜಾಗ ತುಂಬಿದ ಮೇಲೆ ಇದ್ದಿಲು ಬಣ್ಣವನ್ನು ಹಿಡಿಯುವುದಿಲ್ಲ. ಅಮೆರಿಕದ ವಿಜ್ಞಾನಿ ಲ್ಯಾಂಗ್‌ಮ್ಯೂರ್ 1918ರಲ್ಲಿ ಈ ಮಿತಿಯನ್ನು ಗಣಿತದ ಸೂತ್ರದಲ್ಲಿ ಹೇಳಿದರು. ಇಂದಿಗೂ ಇದ್ದಿಲಿನ ಶಕ್ತಿಯನ್ನು ಅಳೆಯುವಾಗ ಆ ಸೂತ್ರವನ್ನು ಬಳಸುತ್ತಾರೆ.

ಬಣ್ಣದಿಂದ ಬಣ್ಣಕ್ಕೆ ವ್ಯತ್ಯಾಸ

ಪ್ರಯೋಗಾಲಯಗಳಲ್ಲಿ ಇದ್ದಿಲನ್ನು ಪರೀಕ್ಷಿಸಲು ಬಹಳ ಮಟ್ಟಿಗೆ ಬಳಸುವುದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು. ಇದು 1876ರಲ್ಲಿ ಜರ್ಮನಿಯಲ್ಲಿ ತಯಾರಾದದ್ದು. ನೀರಿನಲ್ಲಿ ಇದರ ಕಣ ಧನ ವಿದ್ಯುದಂಶವನ್ನು ಪಡೆಯುತ್ತದೆ. ಸಿಪ್ಪೆಯ ಇದ್ದಿಲಿನ ಮೈಯಾದರೋ ಸಾಮಾನ್ಯ ನೀರಿನಲ್ಲಿ ಋಣ ವಿದ್ಯುದಂಶದ್ದು. ಇವೆರಡೂ ಒಂದನ್ನೊಂದು ಸೆಳೆಯುತ್ತವೆ. ಆದುದರಿಂದ ‘ನೂರಕ್ಕೆ ತೊಂಬತ್ತೈದು ಭಾಗ ಬಣ್ಣ ಹೋಯಿತು’ ಎಂಬಂಥ ಫಲಿತಾಂಶಗಳು ಸುಲಭವಾಗಿ ಬರುತ್ತವೆ. ಇದು ಸುಳ್ಳಲ್ಲ. ಅಕ್ರಿಲಿಕ್ ನೂಲಿಗೆ ಹಾಕುವ ಬಣ್ಣಗಳೂ ಇದೇ ಜಾತಿಯವು. ಅಲ್ಲಿ ಸಿಪ್ಪೆಯ ಇದ್ದಿಲು ಚೆನ್ನಾಗಿ ಕೆಲಸ ಮಾಡಬಲ್ಲದು.

ಹತ್ತಿ ಬಟ್ಟೆಯ ರಿಯಾಕ್ಟಿವ್ ಬಣ್ಣ ಇದಕ್ಕೆ ವಿರುದ್ಧ. ಅದರ ಕಣವೂ ಋಣ, ಇದ್ದಿಲಿನ ಮೈಯೂ ಋಣ. ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ನೀರನ್ನು ಹುಳಿ ಮಾಡಿದರೆ ಇದ್ದಿಲಿನ ಮೈ ಧನವಾಗಿ ಬಣ್ಣವನ್ನು ಹಿಡಿಯುತ್ತದೆ. ಆದರೆ ಸೋಡಾ ಹಾಕಿದ್ದರಿಂದ ಕಾರ್ಖಾನೆಯ ನೀರು ಬಹಳ ಕ್ಷಾರವಾಗಿರುತ್ತದೆ. ಅದನ್ನು ಹುಳಿ ಮಾಡಲು ಆಮ್ಲ ಸುರಿಯಬೇಕು, ಹೊರಗೆ ಬಿಡುವ ಮೊದಲು ಮತ್ತೆ ಸುಣ್ಣ ಹಾಕಿ ಸರಿಪಡಿಸಬೇಕು. ಇದ್ದಿಲನ್ನೇ ಆಮ್ಲದಲ್ಲೋ ಲೋಹದ ಲವಣದಲ್ಲೋ ಅದ್ದಿ ಅದರ ಮೈಗುಣ ಬದಲಾಯಿಸುವ ವಿಧಾನಗಳೂ ಇವೆ. ಎರಡಕ್ಕೂ ಖರ್ಚು ತಗಲುತ್ತದೆ. ಅಲ್ಲದೆ, ನಿಜವಾದ ಕಾರ್ಖಾನೆಯ ನೀರಿನಲ್ಲಿ ಬಣ್ಣವೊಂದೇ ಇರುವುದಿಲ್ಲ. ನೂಲಿನ ಗಂಜಿ, ಸೋಪು, ಎಣ್ಣೆ ಎಲ್ಲವೂ ಅದೇ ಕುರ್ಚಿಗಳಿಗೆ ನುಗ್ಗುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಔಷಧಿ ಅಂಗಡಿಯಲ್ಲಿ ಸಿಗುವ ಜೆನ್ಶಿಯನ್ ವಯಲೆಟ್ ಎಂಬ ನೇರಳೆ ದ್ರಾವಣದ ಎರಡು ಹನಿಯನ್ನು ಒಂದು ಲೀಟರ್ ನೀರಿಗೆ ಹಾಕಿ. ಒಂದು ಚಮಚ ಅಡಿಗೆ ಉಪ್ಪನ್ನೂ ಕರಗಿಸಿ. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಟಿ.ಡಿ.ಎಸ್. ಮೀಟರನ್ನು ಅದ್ದಿ ಅಂಕಿ ಬರೆದಿಟ್ಟುಕೊಳ್ಳಿ. ಆಮೇಲೆ ಪುಡಿಮಾಡಿದ ಇದ್ದಿಲನ್ನು ಒಂದು ಚಮಚ ಹಾಕಿ ಅರ್ಧ ಗಂಟೆ ಕದಡಿ, ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಿ.

ಇದ್ದಿಲು ಚೆನ್ನಾಗಿ ಬೆಂದಿದ್ದರೆ ನೇರಳೆ ಬಣ್ಣ ಬಹುಮಟ್ಟಿಗೆ ಹೋಗಿರುತ್ತದೆ. ಈಗ ಮತ್ತೆ ಮೀಟರ್ ಅದ್ದಿ ನೋಡಿ. ಅಂಕಿ ಇಳಿದಿರುವುದಿಲ್ಲ, ಇದ್ದಿಲಿನಲ್ಲಿರುವ ಬೂದಿಯ ಲವಣ ನೀರಿಗೆ ಬಿಟ್ಟು ಅದು ಸ್ವಲ್ಪ ಏರಿರಲೂ ಬಹುದು. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ನೀರನ್ನು ಯಾರೂ ಕುಡಿಯಬಾರದು. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ತಿರುಪ್ಪೂರಿನ ಘಟಕಗಳು ಉಪ್ಪನ್ನು ತೆಗೆಯಲು ನೀರನ್ನು ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ, ಉಳಿದದ್ದನ್ನು ಕಾಯಿಸಿ ಇಂಗಿಸುವ ದುಬಾರಿ ಯಂತ್ರಗಳನ್ನು ಹಾಕಬೇಕಾಯಿತು. ಇದ್ದಿಲು ಆ ಯಂತ್ರದ ಬದಲಿಗೆ ನಿಲ್ಲಲಾರದು. ಅದರ ಮೊದಲು ಬಣ್ಣವನ್ನು ಕಡಿಮೆ ಮಾಡುವ ಒಂದು ಮೆಟ್ಟಿಲಾಗಿ ಮಾತ್ರ ಇರಬಲ್ಲದು.

ಸ್ವಲ್ಪ ಲೆಕ್ಕ

ದಿನಕ್ಕೆ 1 ಲಕ್ಷ ಲೀಟರ್ ನೀರು ಬಿಡುವ ಒಂದು ಸಣ್ಣ ಘಟಕವಿದೆಯೆಂದೂ, ಲೀಟರಿಗೆ 100 ಮಿಲಿಗ್ರಾಂ ಬಣ್ಣವಿದೆಯೆಂದೂ ಇಟ್ಟುಕೊಳ್ಳೋಣ. ಆಗ ದಿನಕ್ಕೆ ಹಿಡಿಯಬೇಕಾದ ಬಣ್ಣ 10 ಕಿಲೋ. ಒಂದು ಕಿಲೋ ಇದ್ದಿಲು 50 ಗ್ರಾಂ ಬಣ್ಣ ಹಿಡಿದರೆ ದಿನಕ್ಕೆ 200 ಕಿಲೋ ಇದ್ದಿಲು ಬೇಕು. ಅದಕ್ಕೆ ಸುಮಾರು 7 ಕ್ವಿಂಟಾಲ್ ಒಣ ಸಿಪ್ಪೆ. ಬಣ್ಣ ಇದ್ದಿಲಿಗೆ ಒಗ್ಗದ ಜಾತಿಯದಾಗಿ, ಕಿಲೋಗೆ 10 ಗ್ರಾಂ ಮಾತ್ರ ಹಿಡಿದರೆ, ದಿನಕ್ಕೆ ಒಂದು ಟನ್ ಇದ್ದಿಲು, 33 ಕ್ವಿಂಟಾಲ್ ಸಿಪ್ಪೆ ಬೇಕಾಗುತ್ತದೆ. ಈ ಅಂಕಿಗಳು ಉದಾಹರಣೆಗಾಗಿ ಕೊಟ್ಟವು.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಕೊಳ್ಳುವವನಿಗೆ ಬೇಕಾದ್ದು ಇದ್ದಿಲಿನ ತೂಕವಲ್ಲ, ಅದು ಹಿಡಿಯುವ ಬಣ್ಣದ ತೂಕ. ಶಕ್ತಿ ಕಡಿಮೆಯಾದ ಇದ್ದಿಲಿಗೆ ಬೆಲೆಯೂ ಕಡಿಮೆ, ಸಾಗಾಣಿಕೆಯ ಖರ್ಚು ಮಾತ್ರ ಹೆಚ್ಚು. ಸಿಪ್ಪೆ ಹಗುರವಾದ ಸರಕು. ಲಾರಿ ತುಂಬಿದರೂ ತೂಕ ತುಂಬುವುದಿಲ್ಲ. ಎರಡು, ದಿನಕ್ಕೆ 200 ಕಿಲೋ ಇದ್ದಿಲು ಒಳಗೆ ಹೋದರೆ, ಬಣ್ಣ ತುಂಬಿದ ಒದ್ದೆ ಇದ್ದಿಲು ಅದಕ್ಕಿಂತ ಹೆಚ್ಚು ತೂಕವಾಗಿ ಹೊರಗೆ ಬರುತ್ತದೆ. ಅದು ಎಲ್ಲಿಗೆ ಹೋಗುತ್ತದೆ?

ಬಣ್ಣ ತುಂಬಿದ ಇದ್ದಿಲು ತೋಟಕ್ಕೆ ಬೇಡ

ಈ ಪ್ರಶ್ನೆಯನ್ನು ಸದಸ್ಯರು ಎಲ್ಲಕ್ಕಿಂತ ಮುಖ್ಯವೆಂದು ತಿಳಿಯತಕ್ಕದ್ದು. ಇದ್ದಿಲು ಮಣ್ಣಿಗೆ ಒಳ್ಳೆಯದು ಎಂಬ ಮಾತು ಈಗ ಎಲ್ಲೆಡೆ ಪ್ರಚಾರದಲ್ಲಿದೆ. ಆದುದರಿಂದ ‘ಬಳಸಿದ ಇದ್ದಿಲನ್ನು ಪುಕ್ಕಟೆ ಕೊಡುತ್ತೇವೆ, ಗಿಡದ ಬುಡಕ್ಕೆ ಹಾಕಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುವ ಆಸೆ ಸಹಜ. ಒಪ್ಪಬಾರದು.

ಇದ್ದಿಲು ಹಿಡಿದ ಬಣ್ಣ ನಾಶವಾಗಿಲ್ಲ. ಜಾಗ ಬದಲಾಯಿಸಿದೆ, ಅಷ್ಟೆ. ಮಳೆಗಾಲದಲ್ಲಿ, ಮಣ್ಣಿನ ಹುಳಿ-ಕ್ಷಾರ ಬದಲಾದಾಗ, ಅದರಲ್ಲಿ ಒಂದಿಷ್ಟು ಮತ್ತೆ ನೀರಿಗೆ ಬಿಡುತ್ತದೆ. ಅಜೋ ಎಂಬ ಜಾತಿಯ ಬಣ್ಣಗಳು, ಗಾಳಿಯಾಡದ ಕೆಸರಿನಲ್ಲಿ ಒಡೆದು, ಆರೋಮ್ಯಾಟಿಕ್ ಅಮೀನು ಎಂಬ ವಸ್ತುಗಳಾಗುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ಉಂಟುಮಾಡುವಂಥವು. ಇದೇ ಕಾರಣಕ್ಕೆ 1997ರಲ್ಲಿ ಭಾರತ ಸರ್ಕಾರ ಅನೇಕ ಅಜೋ ಬಣ್ಣಗಳನ್ನು ನಿಷೇಧಿಸಿತು. ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ ಲೋಹಗಳೂ ಇರುತ್ತವೆ. ಕೊಳೆರೋಗಕ್ಕೆಂದು ವರ್ಷ ವರ್ಷ ಬೋರ್ಡೋ ದ್ರಾವಣ ಹೊಡೆದು ನಮ್ಮ ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಈಗಾಗಲೇ ಸೇರಿದೆ. ಅದರ ಮೇಲೆ ಕಾರ್ಖಾನೆಯ ತಾಮ್ರವನ್ನೂ ಏಕೆ ತರಬೇಕು?

ಕಾರ್ಖಾನೆಯಲ್ಲಿ ಬಳಸಿ ಉಳಿದ ಇಂಥ ಇದ್ದಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಧಿಕ ಶಾಖದ ಕುಲುಮೆಯಲ್ಲಿ ಸುಡಬೇಕು, ಇಲ್ಲವೇ ಅದಕ್ಕೆಂದೇ ಭದ್ರಪಡಿಸಿದ ಗುಂಡಿಗೆ ಕಳಿಸಬೇಕು. ಮತ್ತೆ ಕಾಯಿಸಿ ಪುನಃ ಬಳಸುವ ಮಾರ್ಗವೂ ಉಂಟು. ಪ್ರತಿ ಸಲವೂ ಸ್ವಲ್ಪ ಇದ್ದಿಲು ಸವೆಯುತ್ತದೆ, ಇಂಧನವೂ ಬೇಕು. ಈ ಹೊಣೆಯೆಲ್ಲ ಕಾರ್ಖಾನೆಯದು. ಸಿಪ್ಪೆ ಕೊಟ್ಟವನ ತೋಟಕ್ಕೆ ಅದು ತಿರುಗಿ ಬರಬಾರದು.

ಸಿಪ್ಪೆಗಿರುವ ಇನ್ನೊಂದು ಬೆಲೆ

ಸಿಪ್ಪೆಯನ್ನು ‘ತ್ಯಾಜ್ಯ’ ಎಂದು ಕರೆಯುವಾಗ ಅದು ಯಾರಿಗೆ ತ್ಯಾಜ್ಯ ಎಂದು ಕೇಳಿಕೊಳ್ಳಬೇಕು. ಒಣ ಕಾಫಿ ಸಿಪ್ಪೆಯಲ್ಲಿ ನೂರಕ್ಕೆ ಸುಮಾರು 2 ಭಾಗ ಪೊಟ್ಯಾಸಿಯಂ ಇದೆ. ಹಾಗಾದರೆ ಒಂದು ಟನ್ ಸಿಪ್ಪೆಯಲ್ಲಿ 20 ಕಿಲೋ. ಇಷ್ಟನ್ನು ಅಂಗಡಿಯ ಗೊಬ್ಬರದಿಂದ ಕೊಡಬೇಕಾದರೆ ಸುಮಾರು 40 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು.

ರೋಬಸ್ಟಾ ಚೆರಿಯ 50 ಕಿಲೋ ಚೀಲಕ್ಕೆ ಔಟ್‌ಟರ್ನ್ 26 ಕಿಲೋ ಬಂದರೆ, ಉಳಿದ 24 ಕಿಲೋ ಹೆಚ್ಚುಕಡಿಮೆ ಸಿಪ್ಪೆಯೇ. ನೂರು ಚೀಲ ಚೆರಿಯ ಸಿಪ್ಪೆ 24 ಕ್ವಿಂಟಾಲ್. ಅದರೊಂದಿಗೆ ತೋಟದಿಂದ ಹೊರಗೆ ಹೋಗುವುದು ಸುಮಾರು ಎರಡು ಚೀಲ ಪೊಟ್ಯಾಷ್. ಚೆರಿಯಾಗಿಯೇ ಮಾರುವವರು ಇದನ್ನು ಆಗಲೇ ಕಳೆದುಕೊಳ್ಳುತ್ತಿದ್ದಾರೆ. ಮನೆಯಲ್ಲೇ ಹಲ್ಲರ್ ಮಾಡಿಸುವವರಿಗೆ ಅದನ್ನು ಉಳಿಸಿಕೊಳ್ಳುವ ಅವಕಾಶವಿದೆ. ಅಡಿಕೆ ಸಿಪ್ಪೆಯಲ್ಲೂ ಪೊಟ್ಯಾಷ್ ಇದೆ; ನಾರು ಹೆಚ್ಚಾದ್ದರಿಂದ ಕೊಳೆಯುವುದು ತಡ, ಆದರೆ ಮುಚ್ಚಿಗೆಗೆ ಒಳ್ಳೆಯದು. ಸಿಪ್ಪೆಗೆ ಯಾರಾದರೂ ಬೆಲೆ ಹೇಳಿದಾಗ ಈ ಎರಡು ಚೀಲದ ಬೆಲೆಯನ್ನು ಮೊದಲು ಕಳೆದು ನೋಡಬೇಕು.

ಸಿಪ್ಪೆಯಿಂದ ಇದ್ದಿಲು ಮಾಡಿ ಸ್ವಂತ ತೋಟಕ್ಕೇ ಹಾಕುವುದು ಬೇರೆ ವಿಷಯ. ಪೊಟ್ಯಾಷಿನ ಬಹುಪಾಲು ಇದ್ದಿಲಿನಲ್ಲಿ ಉಳಿಯುತ್ತದೆ. ಹುಳಿ ಮಣ್ಣಿಗೆ ಅದು ಒಗ್ಗುತ್ತದೆ. ಒಣ ಇದ್ದಿಲನ್ನು ಹಾಗೆಯೇ ಹಾಕದೆ ಕೊಟ್ಟಿಗೆ ಗೊಬ್ಬರದೊಂದಿಗೆ ಕಲಸಿಟ್ಟು ಹಾಕುವುದು ಉತ್ತಮ. ಗೂಡಿನ ಹೊಗೆಯಲ್ಲಿ ವಿಷಾನಿಲವಿರುವುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಈ ಕೆಲಸ ಮಾಡಬಾರದು.

ನಮ್ಮ ಪಲ್ಪರ್ ನೀರಿನ ಕಪ್ಪು ಬಣ್ಣಕ್ಕೂ ಇದ್ದಿಲು ಆದೀತೇ ಎಂದು ಒಬ್ಬರು ಕೇಳಿದ್ದಾರೆ. ಬಣ್ಣ ಸ್ವಲ್ಪ ಕಡಿಮೆಯಾಗಬಹುದು. ಆದರೆ ಪಲ್ಪರ್ ನೀರು ಹೊಳೆಗೆ ಕೇಡು ಮಾಡುವುದು ಅದರಲ್ಲಿರುವ ಸಕ್ಕರೆ ಮತ್ತು ಲೋಳೆಯಿಂದ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಅವನ್ನು ಇದ್ದಿಲು ಸಾಕಷ್ಟು ಹಿಡಿಯುವುದಿಲ್ಲ. ಸುಣ್ಣ ಹಾಕಿ ಹುಳಿ ತೆಗೆದು ಹೊಂಡಗಳಲ್ಲಿ ಕೊಳೆಯಿಸಿ, ಆಮೇಲೆ ಗಾಳಿಯಾಡಿಸುವ ಪದ್ಧತಿಯೇ ಅದಕ್ಕೆ ಸರಿ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಸಿಪ್ಪೆ ಅಥವಾ ಇದ್ದಿಲನ್ನು ಕೊಳ್ಳುತ್ತೇವೆಂದು ಬರುವವರಲ್ಲಿ ಕೆಳಗಿನ ವಿಷಯಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು:

1. ಯಾವ ಬಣ್ಣಕ್ಕೆ ಬಳಸುತ್ತೀರಿ? ಮೆಥಿಲೀನ್ ಬ್ಲೂ ಪರೀಕ್ಷೆಯ ಫಲಿತಾಂಶ ತೋರಿಸಿದರೆ ಸಾಲದು.

2. ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ ಬಣ್ಣ ಕರಗಿಸಿದ ನೀರಿನಲ್ಲೋ, ಕಾರ್ಖಾನೆಯಿಂದ ತಂದ ನೀರಿನಲ್ಲೋ?

3. ಒಂದು ಕಿಲೋ ಇದ್ದಿಲು ಎಷ್ಟು ಗ್ರಾಂ ಬಣ್ಣ ಹಿಡಿಯಿತು? ಬೆಲೆ ನಿಗದಿಯಾಗುವುದು ತೋಟದ ಬಾಗಿಲಿನಲ್ಲೋ, ಕಾರ್ಖಾನೆಯ ಬಾಗಿಲಿನಲ್ಲೋ? ಲಾರಿ ಬಾಡಿಗೆ ಯಾರದು?

4. ಬಳಸಿದ ಇದ್ದಿಲನ್ನು ಎಲ್ಲಿಗೆ ಕಳಿಸುತ್ತೀರಿ? ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇದೆಯೇ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಡಬಲ್ಲ ಕಾರ್ಖಾನೆ ಬಂದರೆ ಅದರೊಂದಿಗೆ ವ್ಯವಹಾರ ಮಾಡಲು ಯಾವ ಅಡ್ಡಿಯೂ ಇಲ್ಲ. ಸಿಪ್ಪೆಯ ಇದ್ದಿಲು ಹೊಳೆಯ ನೀರನ್ನು ಕಾಯುವ ಕೆಲಸಕ್ಕೆ ಒದಗಿದರೆ ಅದು ನಮಗೆ ಸಂತೋಷದ ವಿಷಯವೇ. ಆದರೆ ಹತ್ತಿಪ್ಪತ್ತು ಕ್ವಿಂಟಾಲ್ ಸಿಪ್ಪೆ ಇರುವ ಸಣ್ಣ ಬೆಳೆಗಾರರು ಒಬ್ಬೊಬ್ಬರಾಗಿ ಸಾಲ ಮಾಡಿ ಗೂಡು ಕಟ್ಟುವುದು ಸದ್ಯಕ್ಕೆ ಬೇಡ. ಒಂದೇ ಶಾಖದಲ್ಲಿ, ಒಂದೇ ಗುಣಮಟ್ಟದಲ್ಲಿ ಇದ್ದಿಲು ಕೊಡುವುದು ಬಿಡಿ ಬಿಡಿ ಡ್ರಮ್ಮುಗಳಿಂದ ಆಗುವ ಕೆಲಸವಲ್ಲ. ಆಗುವುದಾದರೆ ಸಹಕಾರದಿಂದಲೇ ಆಗಬೇಕು. ಅಂಥ ಪ್ರಸ್ತಾಪ ಯಾರಿಂದಲಾದರೂ ಬಂದರೆ ಸದಸ್ಯರು ಮುಂಗಡ ಹಣ ಪಡೆಯುವ ಮೊದಲು ಕರಾರು ಪತ್ರವನ್ನು ಸಂಘದ ಕಚೇರಿಗೆ ತಂದು ತೋರಿಸಬೇಕಾಗಿ ವಿನಂತಿ.